ಯುವ ಸರ್ಜನ್‌ಗಳ ಕೂಟ: ಹುಟ್ಟಿದರೆ ಸಾಲದು, ಉಳಿಯಬೇಕು

ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಎಸ್‌ಗೆ ಮೂರು ವರ್ಷ. ಇಷ್ಟು ಓದಿ ಬಂದ ನಮ್ಮ ಮಕ್ಕಳು ತಾಲೂಕು ಆಸ್ಪತ್ರೆ ಸೇರಿದರೆ ಅಲ್ಲಿ ಸರ್ಜನ್ ಅಂತ ಇರುವುದು ಅವರೊಬ್ಬರೇ ಆಗಬಹುದು. ಕಾಲೇಜಿನಲ್ಲಾದರೆ ಪಕ್ಕದಲ್ಲಿ ಪ್ರೊಫೆಸರ್ ಇದ್ದರು. ಇಲ್ಲಿ ರಾತ್ರಿ ಎರಡು ಗಂಟೆಗೆ ಹೊಟ್ಟೆನೋವಿನ ರೋಗಿ ಬಂದರೆ, ಈಗಲೇ ಆಪರೇಷನ್ ಮಾಡ್ಬೇಕಾ, ಮಂಗಳೂರಿಗೆ ಕಳಿಸ್ಬೇಕಾ ಅಂತ ಯಾರನ್ನು ಕೇಳುವುದು? ಲೆಕ್ಕ ತಪ್ಪಿದರೆ ಹೋಗುವುದು ಒಂದು ಜೀವ.

ಇಂಥವರಿಗೊಂದು ಕೂಟ ಬೇಕು ಎಂಬುದರಲ್ಲಿ ತಕರಾರಿಲ್ಲ. ಅದು ಉಳಿಯುವುದೇ ಕಷ್ಟ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯ ಅತ್ಯಾಚಾರ, ಕೊಲೆ ನಡೆದಾಗ ದೇಶದ ಯುವ ವೈದ್ಯರು ಬೀದಿಗಿಳಿದರು. ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಆದರೆ ಸಿಟ್ಟಿನಲ್ಲಿ ಸೇರಿದವರು ಸಿಟ್ಟು ಆರಿದ ಮೇಲೆ ಚದುರುತ್ತಾರೆ. ಡ್ಯೂಟಿಗೆ ಹೋಗ್ಲೇಬೇಕಲ್ವಾ? ವಾಟ್ಸಾಪ್ ಗ್ರೂಪ್‌ಗಳ ಕಥೆಯೂ ಅಷ್ಟೇ. ಕೊನೆಗೆ ಉಳಿಯುವುದು ಹಬ್ಬದ ಶುಭಾಶಯ ಮಾತ್ರ.

ಬ್ರಿಟನ್‌ನಲ್ಲಿ ತರಬೇತಿಯಲ್ಲಿರುವ ಸರ್ಜನ್‌ಗಳೇ ನಡೆಸುವ ಸಂಘವೊಂದು 1976ರಲ್ಲಿ ಹುಟ್ಟಿ ಇವತ್ತಿಗೂ ನಡೀತಾ ಇದೆ. ತರಬೇತಿ ಮುಗಿಸಿದವರು ಹೊರಡುತ್ತಲೇ ಇರುತ್ತಾರೆ, ಹೊಸಬರು ಜಾಗ ತುಂಬುತ್ತಾರೆ. ಒಬ್ಬರ ಉತ್ಸಾಹದ ಮೇಲೆ ನಿಂತದ್ದಾಗಿದ್ದರೆ ಅದು ಇಷ್ಟು ಕಾಲ ಬಾಳುತ್ತಿರಲಿಲ್ಲ.

ನಮ್ಮ ದೇಶದಲ್ಲೂ 1938ರಿಂದ ಅಸೋಸಿಯೇಷನ್ ಆಫ್ ಸರ್ಜನ್ಸ್ ಆಫ್ ಇಂಡಿಯಾ ಇದೆ, ಅದಕ್ಕೆ ರಾಜ್ಯ ಶಾಖೆಯೂ ಇದೆ. ಆದರೆ ದೊಡ್ಡ ಸಮ್ಮೇಳನದಲ್ಲಿ ಹಿರಿಯರೆದುರು 'ನನ್ನ ಕೇಸ್ ಹೀಗೆ ಕೆಟ್ಟಿತು' ಅನ್ನಲು ಹೊಸಬರಿಗೆ ಬಾಯಿ ಬರುವುದು ಕಷ್ಟ. ಅದಕ್ಕೆ ಹತ್ತಿಪ್ಪತ್ತು ಜನರ ಸಣ್ಣ ಕೂಟವೇ ಬೇಕು. ಕೆಎಂಸಿ, ಫಾದರ್ ಮುಲ್ಲರ್, ಯೆನೆಪೋಯ, ಕಣಚೂರು ಅಂತ ಮೆಡಿಕಲ್ ಕಾಲೇಜುಗಳು ಒತ್ತೊತ್ತಾಗಿರುವ ನಮ್ಮ ಜಿಲ್ಲೆಯಲ್ಲಿ ಅದು ಆಗದ ಮಾತೇನಲ್ಲ.

ಉಳಿಸುವ ವಿದ್ಯೆ ನಮ್ಮ ಜಮಾಅತ್‌ಗಳಿಗೆ ಗೊತ್ತಿರುವುದೇ. ವರ್ಷಕ್ಕೊಂದು ಮಹಾಸಭೆ, ಎಲ್ಲರೆದುರು ಲೆಕ್ಕ ಓದುವುದು, ಅವಧಿ ಮುಗಿದ ಮೇಲೆ ಹೊಸ ಕಮಿಟಿ. ಸರ್ಜನ್‌ಗಳೂ ಇದನ್ನೇ ಹಿಡಿಯಲಿ. ತಿಂಗಳಿಗೊಂದು ನಿಗದಿತ ದಿನ, ಸಣ್ಣ ಚಂದಾ, ಎರಡು ವರ್ಷಕ್ಕೆ ಪದಾಧಿಕಾರಿ ಬದಲಾವಣೆ, ಜಂಟಿ ಕಾರ್ಯದರ್ಶಿ ಸ್ಥಾನ ಕಡ್ಡಾಯವಾಗಿ ಕಿರಿಯರಿಗೆ. ಸಭೆಯ ಸಮಯ ಮಗು ಇರುವ ವೈದ್ಯೆಯರಿಗೂ ಹೊಂದಬೇಕು. ರೋಗಿಯ ಹೆಸರು ಹೇಳದೆ ಕೇಸ್ ಚರ್ಚಿಸಬೇಕು, ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು.

ಇಷ್ಟರ ಜೊತೆಗೆ, ಹೊತ್ತಲ್ಲದ ಹೊತ್ತಲ್ಲೂ ಫೋನ್ ಎತ್ತುವ ಇಬ್ಬರು ಹಿರಿಯ ಸರ್ಜನ್‌ಗಳು ಸಿಕ್ಕರೆ ತಾಲೂಕು ಆಸ್ಪತ್ರೆಯ ಆ ರೋಗಿಗೂ ಲಾಭ. ಆ ರೋಗಿ ನಾಳೆ ನಮ್ಮ ಮನೆಯವರೇ ಆಗಿರಬಹುದು.