ಪ್ರತಿಜೈವಿಕ ಔಷಧಿ: ಸೇವನೆಯಲ್ಲಿ ವಿವೇಕ ಬೇಕು

ಕಾಯವೇ ಕಾಯಕಕ್ಕೆ ಆಸರೆ. ಅದು ಬಳಲಿದಾಗ ಔಷಧೋಪಚಾರ ಮಾಡಿಸುವುದು ಪ್ರತಿಯೊಬ್ಬರ ಕರ್ತವ್ಯ. ಆದರೆ ಔಷಧಿಯನ್ನು ಕೊಳ್ಳುವುದು ಬೇರೆ, ಅದನ್ನು ಸೇವಿಸುವ ಕ್ರಮವನ್ನು ಅರಿಯುವುದು ಬೇರೆ. ಈ ಅರಿವಿನ ಕೊರತೆ ಎದ್ದು ಕಾಣುವುದು ಆಂಟಿಬಯಾಟಿಕ್ ಎಂದು ಎಲ್ಲರೂ ಕರೆಯುವ ಪ್ರತಿಜೈವಿಕ ಔಷಧಿಗಳ ವಿಷಯದಲ್ಲಿ. ಯಾವುದೇ ಊರಿನ ಔಷಧಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ಮಾತುಗಳು ಕಿವಿಗೆ ಬೀಳುತ್ತವೆ: “ಗಂಟಲು ನೋವಿಗೆ ನಾಲ್ಕು ಮಾತ್ರೆ ಕೊಡಿ”, “ಹೋದ ಸಲ ಕೊಟ್ಟದ್ದನ್ನೇ ಕೊಡಿ”, “ಐದು ದಿನದ್ದು ಬೇಡ, ಸದ್ಯಕ್ಕೆ ಎರಡು ದಿನದ್ದು ಸಾಕು”. ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಸಿ ಕೊಡುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ಕೊಡುವವರಿಗೂ ಕೊಳ್ಳುವವರಿಗೂ ಅನ್ನಿಸುವುದಿಲ್ಲ. ಈ ರೂಢಿಯನ್ನು ನಾವು ಕೈಬಿಡಲೇಬೇಕು ಎಂಬುದು ಈ ಲೇಖನದ ನಿಲುವು.

ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಾಣುಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧಿಗಳೇ ಪ್ರತಿಜೈವಿಕಗಳು. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಪೆನಿಸಿಲಿನ್ನನ್ನು ಕಂಡುಹಿಡಿದರು. ಅದಕ್ಕೂ ಮುಂಚೆ ನ್ಯುಮೋನಿಯಾ, ಬಾಣಂತಿ ನಂಜು, ಕೀವಾದ ಗಾಯಗಳಿಂದ ಸಾಯುತ್ತಿದ್ದವರಿಗೆ ಲೆಕ್ಕವಿರಲಿಲ್ಲ. ಆದರೆ 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಂದರ್ಭದ ಉಪನ್ಯಾಸದಲ್ಲಿ ಅದೇ ಫ್ಲೆಮಿಂಗ್ ಒಂದು ಎಚ್ಚರಿಕೆಯನ್ನೂ ನೀಡಿದ್ದರು. ಮುಂದೊಂದು ದಿನ ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವಂತಾದರೆ, ತಿಳಿವಳಿಕೆಯಿಲ್ಲದವರು ಸಾಲದಷ್ಟು ಪ್ರಮಾಣದಲ್ಲಿ ಅದನ್ನು ಸೇವಿಸಿ, ಸಾಯದೆ ಉಳಿದ ಸೂಕ್ಷ್ಮಾಣುಗಳಿಗೆ ಔಷಧಿಯನ್ನು ಎದುರಿಸುವ ಪಾಠ ಕಲಿಸಿಬಿಡಬಹುದು ಎಂಬುದು ಅವರ ಆತಂಕವಾಗಿತ್ತು. ಆ ಆತಂಕ ಇಂದು ನಿಜವಾಗಿದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮಡಿದರು ಎಂದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಅಧ್ಯಯನ ಅಂದಾಜಿಸಿದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಿಕೊಳ್ಳಬೇಕು. “ನನ್ನ ಮೈಗೆ ಈ ಮಾತ್ರೆ ಒಗ್ಗಿಹೋಗಿದೆ, ಇನ್ನೂ ಜೋರಿನದು ಬೇಕು” ಎನ್ನುವವರಿದ್ದಾರೆ. ಒಗ್ಗಿಹೋಗಿರುವುದು ಮೈಯಲ್ಲ, ಮೈಯಲ್ಲಿರುವ ಸೂಕ್ಷ್ಮಾಣು. ನಮ್ಮ ಕರುಳಿನಲ್ಲಿ, ಚರ್ಮದ ಮೇಲೆ ಅಸಂಖ್ಯ ಬ್ಯಾಕ್ಟೀರಿಯಾಗಳು ಯಾವ ತೊಂದರೆಯನ್ನೂ ಕೊಡದೆ ಬಾಳುತ್ತಿರುತ್ತವೆ. ಪ್ರತಿಜೈವಿಕವನ್ನು ನುಂಗಿದಾಗಲೆಲ್ಲ ಅವುಗಳಲ್ಲಿ ದುರ್ಬಲವಾದವು ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ. ಹಾಗೆ ಉಳಿದವು ಮನೆಯ ಮಗುವಿಗೂ ಮುಪ್ಪಿನವರಿಗೂ ದಾಟಬಲ್ಲವು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಪ್ಪಾಗಿ ಸೇವಿಸಿದವನು ತನಗೆ ಮಾತ್ರ ಕೇಡು ತಂದುಕೊಳ್ಳುತ್ತಾನೆ. ಪ್ರತಿಜೈವಿಕವನ್ನು ಅಡ್ಡಾದಿಡ್ಡಿಯಾಗಿ ಸೇವಿಸಿದವನು ನೆರೆಯವರಿಗೂ ಕೇಡು ತರುತ್ತಾನೆ. ಆದ್ದರಿಂದ ಇದು ಸ್ವಂತ ಆರೋಗ್ಯದ ಮಾತಷ್ಟೇ ಅಲ್ಲ, ಸಾಮಾಜಿಕ ಹೊಣೆಯ ಮಾತು.

ಹಾಗಾದರೆ ಯಾವಾಗ ಬೇಕು, ಯಾವಾಗ ಬೇಡ? ನೆಗಡಿ, ಫ್ಲೂ, ಡೆಂಗಿ ಇವು ವೈರಸ್ಸಿನಿಂದ ಬರುವಂಥವು. ಇವುಗಳ ಮೇಲೆ ಪ್ರತಿಜೈವಿಕಗಳ ಆಟ ನಡೆಯದು. ಸಾಮಾನ್ಯ ಕೆಮ್ಮು, ಗಂಟಲು ನೋವುಗಳಲ್ಲಿ ಬಹುಪಾಲು ತಾವಾಗಿಯೇ ಶಮನವಾಗುತ್ತವೆ. ಮಕ್ಕಳ ನೀರುಭೇದಿಗೆ ಮುಖ್ಯವಾಗಿ ಬೇಕಾದದ್ದು ಓಆರ್‌ಎಸ್ ದ್ರಾವಣ ಮತ್ತು ಸತುವಿನ ಮಾತ್ರೆ. ಟೈಫಾಯ್ಡ್, ಮೂತ್ರದ ಸೋಂಕು, ಬ್ಯಾಕ್ಟೀರಿಯಾದಿಂದಾದ ನ್ಯುಮೋನಿಯಾ, ಮಲೆನಾಡು ಕರಾವಳಿಗಳಲ್ಲಿ ಮಳೆಗಾಲದಲ್ಲಿ ಕಾಣುವ ಇಲಿಜ್ವರ ಮುಂತಾದವುಗಳಿಗೆ ಇದು ಬೇಕೇ ಬೇಕು, ತಡಮಾಡುವಂತೆಯೂ ಇಲ್ಲ. ಜ್ವರ ಎರಡಕ್ಕೂ ಬರುತ್ತದೆ. ಯಾವುದು ಯಾವುದೆಂದು ತೀರ್ಮಾನಿಸಬೇಕಾದವರು ವೈದ್ಯರೇ ಹೊರತು ರೋಗಿಯೂ ಅಲ್ಲ, ಅಂಗಡಿಯವನೂ ಅಲ್ಲ.

ಎಷ್ಟು ದಿನ ಸೇವಿಸಬೇಕೆಂಬ ಪ್ರಶ್ನೆಯಲ್ಲಿ ತಜ್ಞರಲ್ಲೇ ಚರ್ಚೆಯಿದೆ. ‘ಎಷ್ಟೇ ಗುಣವಾದರೂ ಕೋರ್ಸ್ ಮುಗಿಸಲೇಬೇಕು’ ಎಂಬ ಹಳೆಯ ಉಪದೇಶಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2017ರಲ್ಲಿ ಕೆಲವು ತಜ್ಞರು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ವಾದಿಸಿದರು. ಅಗತ್ಯಕ್ಕಿಂತ ಹೆಚ್ಚು ದಿನ ಸೇವಿಸಿದರೂ ಬಗ್ಗದ ಸೂಕ್ಷ್ಮಾಣುಗಳು ಹೆಚ್ಚುತ್ತವೆ ಎಂಬ ಅವರ ಮಾತು ವಿಚಾರಾರ್ಹವೇ. ಹಲವು ಸೋಂಕುಗಳಿಗೆ ಈಗ ಮೊದಲಿಗಿಂತ ಕಡಿಮೆ ದಿನಗಳ ಚಿಕಿತ್ಸೆ ಸಾಕೆಂದು ವೈದ್ಯರೂ ಒಪ್ಪಿದ್ದಾರೆ. ಆದರೆ ಇದರಿಂದ ‘ಜ್ವರ ಬಿಟ್ಟಿತು, ಮಾತ್ರೆಯನ್ನೂ ಬಿಡೋಣ’ ಎಂಬ ತೀರ್ಮಾನಕ್ಕೆ ಬರಲಾಗದು. ಮೂತ್ರದ ಸರಳ ಸೋಂಕಿಗೆ ಕೆಲವೇ ದಿನ ಸಾಕು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬೇಕು, ನಡುವೆ ಬಿಟ್ಟವರಿಗೆ ಔಷಧಿಗೆ ಬಗ್ಗದ ಕ್ಷಯ ಬರುವ ಭಯವಿದೆ. ದಿನಗಳ ಲೆಕ್ಕ ಸೋಂಕಿಗೆ ತಕ್ಕಂತೆ ಬೇರೆಯಾಗುವುದರಿಂದಲೇ ಅದನ್ನು ವೈದ್ಯರಿಗೆ ಬಿಡಬೇಕು. ಬೇಗ ಗುಣವಾಯಿತೆಂದು ಅನ್ನಿಸಿದರೆ, “ಇನ್ನು ನಿಲ್ಲಿಸಬಹುದೇ?” ಎಂದು ಅವರನ್ನೇ ಕೇಳಬೇಕು. ಕೇಳುವುದು ಅವಿಧೇಯತೆಯಲ್ಲ.

ಸೇವಿಸುವ ಕ್ರಮಕ್ಕೂ ಅಷ್ಟೇ ಮಹತ್ವವಿದೆ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. 1-1-1 ಎಂದಿದ್ದರೆ ಮೂರು ಹೊತ್ತು. ರಕ್ತದಲ್ಲಿ ಔಷಧಿಯ ಪ್ರಮಾಣ ಇಳಿಯದಂತೆ ಅಂತರಗಳು ಸಮನಾಗಿರಬೇಕು. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಸೇವಿಸಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗಬಾರದು. ಕೆಲವು ಮಾತ್ರೆಗಳನ್ನು ಊಟದೊಡನೆ, ಕೆಲವನ್ನು ಬರಿಹೊಟ್ಟೆಯಲ್ಲಿ ಸೇವಿಸಬೇಕಾಗುತ್ತದೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಬೆರೆತ ಮಾತ್ರೆಯನ್ನು ಊಟದ ಆರಂಭದಲ್ಲಿ ಸೇವಿಸಿದರೆ ಹೊಟ್ಟೆಗೆ ಹಿತ. ಪೂಜೆ ಮುಗಿಯುವವರೆಗೆ ಏನನ್ನೂ ಸೇವಿಸದ ಹಿರಿಯರು, ಉಪವಾಸದ ನೇಮವುಳ್ಳವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ ಹೊತ್ತು ಹೊಂದಿಸಿಕೊಳ್ಳಲಿ. ಮಾತ್ರೆಯನ್ನು ಹಾಲಿನಲ್ಲಿ, ಮಜ್ಜಿಗೆಯಲ್ಲಿ ನುಂಗುವ ಅಭ್ಯಾಸ ನಮ್ಮಲ್ಲಿದೆ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂತಹ ಔಷಧಿಗಳು ಹಾಲಿನ ಸುಣ್ಣದಂಶದೊಡನೆ ಸೇರಿಕೊಂಡು ಮೈಗೆ ಹತ್ತದೆ ಹೋಗುತ್ತವೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಎದೆಯುರಿಯ ಔಷಧಿಗಳೂ ಇದೇ ತೊಡಕು ತರುವುದರಿಂದ ನಡುವೆ ಎಷ್ಟು ಗಂಟೆ ಬಿಡಬೇಕೆಂದು ಕೇಳಿ ತಿಳಿಯಬೇಕು. ಡಾಕ್ಸಿಸೈಕ್ಲಿನ್ನನ್ನು ಒಂದು ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಇರಬೇಕು. ಇಲ್ಲವಾದರೆ ಅನ್ನನಾಳದಲ್ಲಿ ಹುಣ್ಣಾಗಬಹುದು.

ಮಕ್ಕಳಿಗೆ ಕೊಡುವ ಪುಡಿ ರೂಪದ ಔಷಧಿಗೆ ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗುರುತಿನವರೆಗೆ ಹಾಕಿ ಚೆನ್ನಾಗಿ ಕಲಕಬೇಕು. ಪ್ರತಿಸಲ ಕೊಡುವಾಗಲೂ ಅಲ್ಲಾಡಿಸಬೇಕು. ಅಳತೆಗೆ ಬಾಟಲಿಯೊಡನೆ ಬಂದ ಮುಚ್ಚಳ ಅಥವಾ ಸಿರಿಂಜನ್ನೇ ಬಳಸಬೇಕು, ಅಡುಗೆಮನೆಯ ಚಮಚವನ್ನಲ್ಲ. ಬೆರೆಸಿದ ಔಷಧಿ ಲೇಬಲ್ಲಿನಲ್ಲಿ ಹೇಳಿದ ದಿನಗಳ ನಂತರ ಬಳಕೆಗೆ ಬಾರದು. ಅಕ್ಕನ ಬಾಟಲಿಯಲ್ಲಿ ಉಳಿದದ್ದು ತಮ್ಮನಿಗಾಗುತ್ತದೆ ಎಂಬ ಉಳಿತಾಯ ಬುದ್ಧಿ ಇಲ್ಲಿ ಸಲ್ಲದು.

ಹಿಂದೆ ಯಾವ ಔಷಧಿಯಿಂದಾದರೂ ಮೈಮೇಲೆ ದದ್ದು ಎದ್ದಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ, ಗರ್ಭಿಣಿಯಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಚೀಟಿ ಬರೆಯುವ ಮುನ್ನವೇ ಹೇಳಬೇಕು. ಸಣ್ಣಪುಟ್ಟ ವಾಕರಿಕೆ, ಸಡಿಲ ಭೇದಿ ಆಗುವುದುಂಟು. ಆದರೆ ತುಟಿ ಮುಖ ಊದಿಕೊಂಡು ಉಸಿರು ಕಟ್ಟಿದಂತಾದರೆ ಮಾತ್ರೆಯನ್ನು ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಭೇದಿ ತೀವ್ರವಾದರೆ, ಅದರಲ್ಲಿ ರಕ್ತ ಕಂಡರೆ, ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ ವೈದ್ಯರನ್ನು ಮತ್ತೆ ಕಾಣಬೇಕು.

ಇಷ್ಟೆಲ್ಲ ಹೊಣೆಯನ್ನು ರೋಗಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ದಿನಗೂಲಿಯವನು ಎರಡೇ ದಿನದ ಮಾತ್ರೆ ಕೊಳ್ಳುವುದು ಹಟದಿಂದಲ್ಲ, ಜೇಬು ನೋಡಿಕೊಂಡು. ಸಂಜೆ ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲಾಗದೆ ಅಂಗಡಿಯವನನ್ನೇ ಕೇಳುತ್ತಾನೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ದಿನಗಳ ಔಷಧಿ ಸಿಗುವಂತಾಗಬೇಕು; ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ದೊರೆಯುತ್ತದೆಂಬುದನ್ನು ವೈದ್ಯರೇ ಹೇಳಬೇಕು. ಕಾನೂನಂತೂ ಇದೆ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ‘ಎಚ್-1’ ಪಟ್ಟಿಯ ಔಷಧಿಗಳನ್ನು ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ಬರೆದು, ಆ ದಾಖಲೆಯನ್ನು ಮೂರು ವರ್ಷ ಇಡಬೇಕು. ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿಯ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಕೈಗೊಂಡಿತು. ಗೆರೆ ಇದೆ; ಅದನ್ನು ನೋಡಿ ಕೈ ಹಿಂದೆಗೆಯುವವರು ಕಡಿಮೆ. ರೋಗಿ ಬಯಸಿದನೆಂದು ನೆಗಡಿಗೂ ಪ್ರತಿಜೈವಿಕ ಬರೆಯುವ ವೈದ್ಯರೂ, ವ್ಯಾಪಾರ ತಪ್ಪುತ್ತದೆಂದು ಚೀಟಿ ಕೇಳದ ಅಂಗಡಿಯವರೂ ಈ ದೋಷದಲ್ಲಿ ಪಾಲುದಾರರೇ.

ಆದರೂ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬಹುದು. ವೈದ್ಯರ ಮುಂದೆ ಕುಳಿತಾಗ ಕೇಳೋಣ: ಇದು ನಿಜವಾಗಿಯೂ ಬೇಕೇ? ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ? ಊಟಕ್ಕೆ ಮುಂಚೆಯೋ ಆಮೇಲೋ? ಏನಾದರೆ ಮರಳಿ ಬರಬೇಕು? ಬೇಡವೆಂದು ವೈದ್ಯರು ಹೇಳಿದರೆ ಅವರನ್ನು ಅಸಡ್ಡೆಯವರೆಂದು ದೂರದೆ ಆ ಮಾತನ್ನು ಗೌರವಿಸೋಣ. ಡಬ್ಬಿಯಲ್ಲಿ ಉಳಿದ ಮಾತ್ರೆಯನ್ನು ನೆರೆಮನೆಗೆ ಕೊಡುವುದು ಉಪಕಾರವೆಂದು ಭಾವಿಸದಿರೋಣ. ಕೆರೆಯ ನೀರನ್ನು ಊರೆಲ್ಲ ಹಿತಮಿತವಾಗಿ ಬಳಸಿದರೆ ಮಾತ್ರ ಅದು ಬೇಸಿಗೆಗೂ ಉಳಿಯುತ್ತದೆ. ಈ ಔಷಧಿಗಳೂ ಹಾಗೆಯೇ. ಇಂದು ನಾವು ಮಿತವರಿತು ಬಳಸಿದರೆ ನಾಳೆ ನಮ್ಮ ಮೊಮ್ಮಕ್ಕಳ ಜ್ವರಕ್ಕೂ ಅವು ಕೆಲಸ ಮಾಡುತ್ತವೆ.