ಕೇದಾರಕ್ಕೆ ಹೊರಡುವ ಮುನ್ನ

ಮಹಾಶಿವರಾತ್ರಿ ಸಮೀಪಿಸುತ್ತಿದೆ. ಅಂದು ನಾವೆಲ್ಲ ಜಾಗರಣೆಗೆ ಅಣಿಯಾಗುತ್ತಿರುವಾಗ ದೂರದ ಗಢವಾಲ ಸೀಮೆಯ ಊಖೀಮಠದಲ್ಲಿ ಇನ್ನೊಂದು ಕಾರ್ಯವೂ ನಡೆಯುತ್ತದೆ. ಅಲ್ಲಿಯ ಓಂಕಾರೇಶ್ವರ ದೇವಾಲಯದಲ್ಲಿ ಪಂಚಾಂಗ ನೋಡಿ, ಚಳಿಗಾಲವೆಲ್ಲ ಹಿಮದ ನಡುವೆ ಮುಚ್ಚಿದ್ದ ಕೇದಾರನಾಥನ ಬಾಗಿಲನ್ನು ತೆರೆಯುವ ದಿನವನ್ನು ಗೊತ್ತುಮಾಡಿ ಸಾರುತ್ತಾರೆ. 2023ರಲ್ಲಿ ಆ ದಿನ ಏಪ್ರಿಲ್ 25 ಆಗಿತ್ತು. 2024ರಲ್ಲಿ ಮೇ 10, 2025ರಲ್ಲಿ ಮೇ 2.

ಈ ವಾರ್ತೆ ಬಂದೊಡನೆ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸದ್ಭಕ್ತರ ಮನೆಗಳಲ್ಲಿ ಯಾತ್ರೆಯ ಮಾತು ಮೊದಲಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿಯುತ್ತದೆ, ಟೆಂಪೋ ಟ್ರಾವೆಲರ್ ಒಂದನ್ನು ಗೊತ್ತುಮಾಡೋಣ, ಅಜ್ಜಿಗೂ ಒಮ್ಮೆ ಕೇದಾರ ತೋರಿಸಿಬಿಡೋಣ ಎಂದು ಮನೆಮಂದಿಯೆಲ್ಲ ಕುಳಿತು ಆಡುವ ಮಾತು. ಮಾತೇನೋ ಒಳ್ಳೆಯದೇ. ಆದರೆ ಈ ಪ್ರಯಾಣಕ್ಕೆ ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ಹೋಗಿಬರುವ ಲೆಕ್ಕ ಸಾಲದು. ಏಕೆ ಸಾಲದೆಂಬುದನ್ನೂ, ಹೇಗೆ ಲೆಕ್ಕ ಹಾಕಬೇಕೆಂಬುದನ್ನೂ ಈ ಸಲದ ಅಂಕಣದಲ್ಲಿ ವಿವರಿಸಬಯಸುತ್ತೇವೆ.

ಕೇದಾರಕ್ಕೂ ನಮ್ಮ ಸಮಾಜಕ್ಕೂ ಇರುವ ಸಂಬಂಧವನ್ನು ಬಲ್ಲವರು ಬಲ್ಲರು. ವೀರಶೈವ ಪರಂಪರೆಯ ಪಂಚಪೀಠಗಳಲ್ಲಿ ಹಿಮವತ್ ಕೇದಾರವೂ ಒಂದು. ಅದರ ನೆಲೆ ಊಖೀಮಠ. ಏಕೋರಾಮಾರಾಧ್ಯರನ್ನು ಆ ಪೀಠದ ಆದ್ಯ ಆಚಾರ್ಯರೆಂದು ಪರಂಪರೆ ಸ್ಮರಿಸುತ್ತದೆ. ಕೇದಾರದ ರಾವಲರೂ ಅವರ ಕೈಕೆಳಗೆ ಪೂಜೆ ಸಲ್ಲಿಸುವ ಅರ್ಚಕರೂ ಕನ್ನಡ ನಾಡಿನಿಂದ ಮತ್ತು ಅದರ ಗಡಿ ಸೀಮೆಗಳಿಂದ ಹೋದ ವೀರಶೈವ ಜಂಗಮರು. ದೀಪಾವಳಿಯ ತರುವಾಯ ಯಮದ್ವಿತೀಯೆಯಂದು ಬಾಗಿಲು ಮುಚ್ಚಿದ ಮೇಲೆ ಸ್ವಾಮಿಯ ಪಂಚಮುಖಿ ಉತ್ಸವಮೂರ್ತಿಯು ಡೋಲಿಯಲ್ಲಿ ಊಖೀಮಠಕ್ಕೆ ಇಳಿದು ಬರುತ್ತದೆ. ವೈಶಾಖದ ಹೊತ್ತಿಗೆ ಗುಪ್ತಕಾಶಿ, ಫಾಟಾ, ಗೌರಿಕುಂಡಗಳಲ್ಲಿ ತಂಗುತ್ತ ಮರಳಿ ಮೇಲೇರುತ್ತದೆ. ಒಂದೊಂದು ಊರಿನಲ್ಲಿ ಒಂದೊಂದು ರಾತ್ರಿ. ದೇವರೇ ಅವಸರವಿಲ್ಲದೆ ಹತ್ತುವ ಬೆಟ್ಟವಿದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಈಗ ಎತ್ತರದ ವಿಚಾರ. ನಮ್ಮ ಕಡೆಯವರಿಗೆ ಬೆಟ್ಟವೆಂದರೆ ನಂದಿ. ಅದರ ಎತ್ತರ ಕಡಲ ಮಟ್ಟದಿಂದ 1,478 ಮೀಟರ್. ಕೇದಾರದ ಎತ್ತರ 3,583 ಮೀಟರ್. ನಂದಿಯ ಮೇಲೆ ಇನ್ನೊಂದು ನಂದಿಯನ್ನಿಟ್ಟರೂ ಕೇದಾರಕ್ಕೆ ಇನ್ನೂ ಆರುನೂರು ಮೀಟರಿನಷ್ಟು ಉಳಿಯುತ್ತದೆ. ಅಷ್ಟು ಮೇಲೆ ಒಂದು ಉಸಿರಿಗೆ ದೊರೆಯುವ ಪ್ರಾಣವಾಯು ಕಡಲ ತಡಿಯಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಬೇಳೆ ಸಹ ಬೇಗ ಬೇಯದು.

ಹಿಂದಿನ ಕಾಲದ ಯಾತ್ರಿಕರು ಹೃಷೀಕೇಶದಿಂದಲೇ ನಡೆದು ಹೋಗುತ್ತಿದ್ದರು. ವಾರಗಟ್ಟಲೆ ಹಿಡಿಯುತ್ತಿತ್ತು, ಕಷ್ಟವಿತ್ತು. ಆದರೆ ದಿನಕ್ಕಿಷ್ಟು ಎಂದು ಏರುತ್ತಿದ್ದ ದೇಹವು ತೆಳುಗಾಳಿಗೆ ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ಇಂದು ಹೃಷೀಕೇಶದಲ್ಲಿ ಮುಂಜಾನೆ ವಾಹನ ಹತ್ತಿದವರು ಸಂಜೆಗೆ ಸೋನಪ್ರಯಾಗ ಮುಟ್ಟುತ್ತಾರೆ. ಮರುದಿನವೇ ಹಿಮದ ಮೇಲೆ ನಿಂತಿರುತ್ತಾರೆ. ರಸ್ತೆಯು ದೂರವನ್ನು ಕಡಿಮೆ ಮಾಡಿತು, ಎತ್ತರವನ್ನು ಕಡಿಮೆ ಮಾಡಲಿಲ್ಲ. ಗುಪ್ತಕಾಶಿ, ಫಾಟಾ, ಸೇರಸಿಗಳಿಂದ ಹೆಲಿಕಾಪ್ಟರ್ ಹತ್ತುವವರ ಸ್ಥಿತಿ ಇನ್ನೂ ಸೂಕ್ಷ್ಮ. ಅದು ಕಾಲಿನ ಶ್ರಮ ಉಳಿಸುತ್ತದೆಯೇ ಹೊರತು ಶ್ವಾಸಕೋಶದ ಶ್ರಮವನ್ನಲ್ಲ. ಸೋನಪ್ರಯಾಗದಿಂದ ಕೇದಾರಕ್ಕೆ ರೋಪ್‌ವೇ ಕಟ್ಟಲು ಕೇಂದ್ರ ಮಂತ್ರಿಮಂಡಲ 2025ರ ಮಾರ್ಚಿಯಲ್ಲಿ ಒಪ್ಪಿಗೆ ಕೊಟ್ಟಿದೆ; ಅದು ಬಂದ ಮೇಲೂ ಈ ಮಾತು ಹಾಗೆಯೇ ಉಳಿಯುತ್ತದೆ. 2022ರ ಒಂದೇ ಯಾತ್ರಾಕಾಲದಲ್ಲಿ ನಾಲ್ಕು ಧಾಮಗಳ ಹಾದಿಯಲ್ಲಿ ಇನ್ನೂರಕ್ಕೂ ಹೆಚ್ಚು ಯಾತ್ರಿಕರು ಪ್ರಾಣ ಬಿಟ್ಟರು. ಅವರಲ್ಲಿ ಬಹುಪಾಲು ಜನರದು ಹೃದಯದ ತೊಂದರೆ.

ನಮ್ಮ ರೇಷ್ಮೆ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳು ಚಾಕಿಯಿಂದ ಹಣ್ಣಾಗುವವರೆಗೆ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಕೂತ ಹುಳುವಿಗೆ ಯಾರೂ ಸೊಪ್ಪು ಹಾಕುವುದಿಲ್ಲ, ಅಲುಗಿಸುವುದಿಲ್ಲ. ಆ ನಿಲುಗಡೆಯಲ್ಲೇ ಅದು ಹಳೆಯ ಪೊರೆ ಕಳಚಿ ಮುಂದಿನ ಬೆಳವಣಿಗೆಗೆ ಸಿದ್ಧವಾಗುತ್ತದೆ. ಬೆಟ್ಟ ಹತ್ತುವ ಶರೀರಕ್ಕೂ ಅಂಥ ನಿಲುಗಡೆಗಳು ಬೇಕು. ಆದುದರಿಂದ ಯಾತ್ರೆಯ ಪಟ್ಟಿ ಬರೆಯುವಾಗ ಮೊದಲು ಬರೆಯಬೇಕಾದುದು ನಡೆಯುವ ದಿನಗಳನ್ನಲ್ಲ, ನಿಲ್ಲುವ ದಿನಗಳನ್ನು.

ಹೊರಡುವ ಕಾಲವನ್ನು ಮನೆಯ ಕಸುಬು ನೋಡಿಯೇ ಗೊತ್ತುಮಾಡಬೇಕು. ಶಿಡ್ಲಘಟ್ಟದ ಕಡೆಯವರು ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ ಹೊರಡುವಂತೆ ಚಾಕಿ ಕಟ್ಟುವ ದಿನವನ್ನು ಈಗಲೇ ಲೆಕ್ಕ ಹಾಕಬಹುದು. ಚಿಂತಾಮಣಿಯ ಮಾವಿನ ತೋಟದವರು ಕಾಯಿ ಕೀಳುವ ಕೆಲಸಕ್ಕೆ ಮುಂಚೆ ಮರಳಬೇಕು. ಶಾಲೆಯ ಮಕ್ಕಳಿರುವವರಿಗೆ ಮೇ ತಿಂಗಳು ಕಳೆಯುವಂತಿಲ್ಲ. ಬಾಗಿಲು ತೆರೆಯುವ ದಿನವೇ ಅಲ್ಲಿರಬೇಕೆಂಬ ಹಂಬಲವನ್ನು ಮಾತ್ರ ಬಿಡುವುದು ಲೇಸು. 2024ರಲ್ಲಿ ಮೊದಲ ದಿನವೇ ಸುಮಾರು 29,000 ಜನ ಸೇರಿದ್ದರು. 2023ರ ವಸಂತದಲ್ಲಿ ಬಾಗಿಲು ತೆರೆದ ಮೇಲೂ ಹಿಮ ಸುರಿಯುತ್ತಲೇ ಇದ್ದು, ಯಾತ್ರಿಕರ ನೋಂದಣಿಯನ್ನು ನಡುನಡುವೆ ನಿಲ್ಲಿಸಬೇಕಾಯಿತು. ಕುಬೇರ, ಭೈರವ ಎಂಬ ಹೆಸರಿನ ಹಿಮರಾಶಿಗಳು ಜಾರಿ ಕಾಲುದಾರಿಯನ್ನು ಮುಚ್ಚಿದವು. ಹತ್ತು ದಿನ ತಡೆದು ಹೊರಟರೆ ಹಾದಿ ಅಷ್ಟರಮಟ್ಟಿಗೆ ಪಳಗಿರುತ್ತದೆ.

ರಸ್ತೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಚಿಕ್ಕಬಳ್ಳಾಪುರದ ಮಗ್ಗುಲಲ್ಲಿ ಹಾಯುವ ಹೆದ್ದಾರಿಗೆ ಹಿಂದೆ 7 ಎಂಬ ಸಂಖ್ಯೆಯಿತ್ತು; ಅದು ಕಾಶಿಯನ್ನು ಕನ್ಯಾಕುಮಾರಿಗೆ ಕೂಡಿಸುತ್ತಿತ್ತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದಾಗ ನಮ್ಮ ರಸ್ತೆ 44 ಆಯಿತು. 7 ಎಂಬ ಸಂಖ್ಯೆ ಹೃಷೀಕೇಶದಿಂದ ಬದರಿಯತ್ತ ಏರುವ ರಸ್ತೆಗೆ ಸಂದಿತು. ನಮ್ಮ 44ನ್ನೇ ಹಿಡಿದು ಹೈದರಾಬಾದು, ನಾಗಪುರ, ಝಾನ್ಸಿ, ಆಗ್ರಾಗಳ ಮೇಲೆ ದೆಹಲಿ ತಲುಪಿ, ಅಲ್ಲಿಂದ ಮೀರತ್, ರೂರ್ಕಿಗಳ ಮೂಲಕ ಹರಿದ್ವಾರ ಸೇರಬಹುದು. ಆದರೆ ದೆಹಲಿಗೇ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದೂರ. ವೈಶಾಖದ ಬಿಸಿಲಿನಲ್ಲಿ ನಾಲ್ಕೈದು ದಿನ ಕುಳಿತು ಬೆಂದ ಹಿರಿಯರು ಬೆಟ್ಟದ ಬುಡಕ್ಕೆ ಬರುವಾಗಲೇ ಬಸವಳಿದಿರುತ್ತಾರೆ. ವೃದ್ಧರಿರುವ ಕುಟುಂಬದವರು ದೆಹಲಿಯವರೆಗೆ ರೈಲಿನಲ್ಲಿ ಹೋಗಿ, ಹರಿದ್ವಾರದಿಂದ ಅಲ್ಲಿಯದೇ ವಾಹನವನ್ನೂ ಚಾಲಕನನ್ನೂ ಗೊತ್ತುಮಾಡಿಕೊಳ್ಳುವುದು ಉತ್ತಮ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಸೋಲುತ್ತದೆ. ಗೇರು ತಗ್ಗಿಸಿ ಇಳಿಯಬೇಕು. ಬಯಲಿನ ಚಾಲಕನಿಗೆ ಇದು ಮಾತಿನಿಂದ ಬರುವ ವಿದ್ಯೆಯಲ್ಲ. ಆ ಬೆಟ್ಟದ ರಸ್ತೆಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ.

ಹರಿದ್ವಾರದಿಂದ ಮುಂದಿನ ದಿನಗಳನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ರಾತ್ರಿ ಹೃಷೀಕೇಶ. ಎರಡನೆಯ ದಿನ ಭಾಗೀರಥಿ, ಅಲಕನಂದೆಯರು ಕೂಡುವ ದೇವಪ್ರಯಾಗವನ್ನು ನೋಡಿಕೊಂಡು ರುದ್ರಪ್ರಯಾಗ. ಅಲ್ಲಿ ದಾರಿ ಕವಲೊಡೆಯುತ್ತದೆ; ಅಲಕನಂದೆಯ ಗುಂಟ ಬದರಿ, ಮಂದಾಕಿನಿಯ ಗುಂಟ ಕೇದಾರ. ಮೂರನೆಯ ದಿನ ಊಖೀಮಠ. ಎತ್ತರ ಸುಮಾರು 1,300 ಮೀಟರ್, ಹೆಚ್ಚುಕಡಿಮೆ ನಮ್ಮ ನಂದಿಯ ಸಮ. ನಾಲ್ಕನೆಯ ದಿನವೂ ಅಲ್ಲಿಯೇ ಉಳಿಯಬೇಕು. ಮೈ ಹಗುರಾಗಿದ್ದರೆ ಸುಮಾರು 1,980 ಮೀಟರ್ ಎತ್ತರದ ತ್ರಿಯುಗೀನಾರಾಯಣಕ್ಕೆ ಹೋಗಿಬರಬಹುದು. ಹಗಲು ಎತ್ತರ ಕಂಡು ರಾತ್ರಿ ಕೆಳಗೆ ಮಲಗುವುದು ದೇಹಕ್ಕೆ ಒಳ್ಳೆಯ ಅಭ್ಯಾಸ. ಐದನೆಯ ದಿನ ನಸುಕಿನಲ್ಲೇ ಸೋನಪ್ರಯಾಗ. ನಮ್ಮ ವಾಹನ ಅಲ್ಲಿ ನಿಲ್ಲುತ್ತದೆ. ಅಲ್ಲಿಯ ಜೀಪಿನಲ್ಲಿ ಗೌರಿಕುಂಡ, ಆಮೇಲೆ ಏರುದಾರಿ. ಹಿಂದೆ ಹೋಗಿಬಂದ ಹಿರಿಯರು 14 ಕಿಲೋಮೀಟರ್ ಎನ್ನುತ್ತಾರೆ. ಅದು 2013ರ ಜೂನ್ ತಿಂಗಳ ಜಲಪ್ರಳಯಕ್ಕೆ ಮುಂಚಿನ ಮಾತು. ನಡುದಾರಿಯ ರಾಂಬಾಡಾ ಅಂದು ಕೊಚ್ಚಿಹೋಯಿತು. ಈಗಿನ ದಾರಿ ಅಲ್ಲಿ ಮಂದಾಕಿನಿಯನ್ನು ದಾಟಿ ಆಚೆ ದಡದಲ್ಲಿ ಏರುವುದರಿಂದ ಕನಿಷ್ಠ 16 ಕಿಲೋಮೀಟರ್ ಆಗುತ್ತದೆ. ಆರನೆಯ ದಿನ ದರ್ಶನ ಮತ್ತು ಇಳಿಯುವುದು. ಏಳನೆಯ ದಿನವನ್ನು ಯಾವ ಕೆಲಸಕ್ಕೂ ಕೊಡದೆ ಖಾಲಿ ಇಡಬೇಕು. ಮಳೆಗೋ ಗುಡ್ಡದ ಕುಸಿತಕ್ಕೋ ಅದು ಮೀಸಲು. ಇದೇ ಪ್ರವಾಸದಲ್ಲಿ ನಾಲ್ಕೂ ಧಾಮಗಳನ್ನು ಮುಗಿಸುತ್ತೇವೆಂಬ ಹಟ ಬೇಡ.

ಉತ್ತರಾಖಂಡ ಸರ್ಕಾರದಲ್ಲಿ ಪ್ರತಿಯೊಬ್ಬರ ಹೆಸರನ್ನೂ ಮುಂಗಡ ನೋಂದಾಯಿಸುವುದು ಕಡ್ಡಾಯ. ಐವತ್ತು ದಾಟಿದವರೆಲ್ಲ ಹೊರಡುವ ಒಂದು ತಿಂಗಳ ಮೊದಲೇ ವೈದ್ಯರಿಗೆ ಎದೆ, ರಕ್ತದೊತ್ತಡ, ಸಕ್ಕರೆ ತೋರಿಸಿಕೊಳ್ಳಬೇಕು; ದಿನವೂ ಒಂದು ಗಂಟೆ ನಡೆದು ಕಾಲು ಪಳಗಿಸಬೇಕು. ಒದ್ದೆಯಾದ ಹತ್ತಿಬಟ್ಟೆ ಮೈಯ ಶಾಖವನ್ನೆಲ್ಲ ಹೀರುತ್ತದೆ. ಒಳಗೆ ತೆಳು ರೇಷ್ಮೆ ಅಥವಾ ಉಣ್ಣೆ, ಹೊರಗೆ ನೀರು ತಡೆಯುವ ಮೇಲಂಗಿ ಇರಲಿ. ಹಿಮದಲ್ಲಿ ಸೀರೆಯ ಅಂಚು ನೆನೆದು ಕಾಲಿಗೆ ತೊಡರುತ್ತದೆ; ತಾಯಂದಿರು ಎರಡು ದಿನದ ಮಟ್ಟಿಗೆ ಸಂಕೋಚ ಬಿಟ್ಟು ಸಲ್ವಾರ್ ತೊಡುವುದರಲ್ಲಿ ತಪ್ಪೇನಿಲ್ಲ. ಮಧ್ಯಾಹ್ನದ ಮೇಲೆ ಅಲ್ಲಿ ಮೋಡ ಕವಿಯುವುದು ಹೆಚ್ಚು. ಬಿಸಿಲಿಗೆ ಸಡಿಲಾದ ಹಿಮ ಜಾರುವುದೂ ಆಗಲೇ. ಹೊಸ ಕ್ಯಾನ್ವಾಸ್ ಬೂಟು ಬೇಡ. ಪಳಗಿದ, ಹಿಡಿತವಿರುವ ಬೂಟು ಬೇಕು. ಹಿಮದ ಬೆಳಕು ಕಣ್ಣು ಕೋರೈಸುವುದರಿಂದ ಕಪ್ಪು ಕನ್ನಡಕ ಅಗತ್ಯ. ಹುರಿಹಿಟ್ಟು, ಕಡಲೆಕಾಯಿ ಬೆಲ್ಲದ ಉಂಡೆ ಜೊತೆಗಿರಲಿ.

ಆಚಾರದ ವಿಷಯದಲ್ಲಿ ಕೆಲವರಿಗೆ ಸಂದೇಹಗಳಿರುತ್ತವೆ. ಲಿಂಗಪೂಜೆಯಾಗುವ ತನಕ ನೀರೂ ಮುಟ್ಟದ ನಿಯಮ ನಮ್ಮ ಅನೇಕ ಹಿರಿಯರದು. ಒಳ್ಳೆಯ ನಿಯಮವೇ. ಆದರೆ ನೀರಿಲ್ಲದೆ, ಮಾತ್ರೆ ನುಂಗದೆ ಅರ್ಧ ದಿನ ಏರುದಾರಿ ನಡೆಯುವುದು ಅಪಾಯಕರ. ಎದ್ದೊಡನೆ ಕೊಠಡಿಯಲ್ಲೇ ಇಷ್ಟಲಿಂಗ ಪೂಜೆ ಮುಗಿಸಿ, ಪಾದೋದಕ ಪ್ರಸಾದ ಸ್ವೀಕರಿಸಿ, ನೀರು ಕುಡಿದು, ಮಾತ್ರೆ ತೆಗೆದುಕೊಂಡೇ ಹೊರಡಬೇಕು. ಕೊರೆಯುವ ನೀರಿನಲ್ಲಿ ತಲೆಸ್ನಾನ ಮಾಡಲೇಬೇಕೆಂದು ಶಾಸ್ತ್ರ ಹಟ ಹಿಡಿಯುವುದಿಲ್ಲ. ಅಶಕ್ತರಿಗೆ ಭಸ್ಮಸ್ನಾನವನ್ನು ಶೈವಾಗಮಗಳೇ ಹೇಳಿವೆ. ಕೈಕಾಲು ತೊಳೆದು ವಿಭೂತಿ ಧರಿಸಿದರೆ ಸಾಕು. ಕುದುರೆಯ ಮೇಲಾಗಲಿ ಡೋಲಿಯಲ್ಲಾಗಲಿ ಕರಡಿಗೆಯು ಚೀಲದಲ್ಲಿರದೆ ಮೈಮೇಲೆಯೇ ಇರಲಿ.

ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಎತ್ತರದ ಮೊದಲ ಸೂಚನೆಗಳು. ಇವು ಕಂಡರೆ ಇನ್ನೂ ಮೇಲೇರಕೂಡದು. ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ, ತೊದಲುವ ಮಾತು ಕಂಡರೆ ಗಳಿಗೆಯೂ ತಡೆಯದೆ ಕೆಳಗಿಳಿಸಬೇಕು, ವೈದ್ಯರಿಗೆ ತೋರಿಸಬೇಕು. ಗುಡಿ ಇನ್ನೆರಡೇ ಮೈಲಿ ಎಂಬ ಮಾತು ಆಗ ಬರಬಾರದು. ಅಂಥ ಹೊತ್ತಿನಲ್ಲಿ ಯಾರ ಮಾತು ಕಡೆಯದೆಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿ ಹೊರಡಬೇಕು. ಹಿಮದ ಮೇಲೆ ನಿಂತು ಚರ್ಚೆ ಮಾಡಲಾಗದು.

ಅಷ್ಟು ದೂರ ಹೋಗಿ ದರ್ಶನವಿಲ್ಲದೆ ಮರಳುವುದೇ ಎಂದು ಹಿರಿಯ ಜೀವಗಳು ಕಣ್ಣೀರು ಹಾಕುವುದುಂಟು. ಅವರಿಗೆ ನಾವು ಹೇಳಬೇಕಾದುದು ಇಷ್ಟು. ಅಂಗದ ಮೇಲೆ ಲಿಂಗವುಳ್ಳವರಿಗೆ ಗುಡಿ ದೂರವೆಂಬ ಮಾತಿಲ್ಲ. ಸ್ಥಾವರಕ್ಕಿಂತ ಜಂಗಮ ಹಿರಿದೆಂದು ಕಲಿಸಿದ ಶರಣರ ಮಕ್ಕಳು ನಾವು. ಸ್ವಾಮಿಯ ಉತ್ಸವಮೂರ್ತಿ ಆರು ತಿಂಗಳು ನೆಲೆಸುವ ಊಖೀಮಠದ ಸನ್ನಿಧಿಯಲ್ಲಿ ಕುಳಿತು ಕರಸ್ಥಲದ ಲಿಂಗವನ್ನು ಅರ್ಚಿಸಿದ ತಾಯಿಯ ಯಾತ್ರೆ ಎಳ್ಳಷ್ಟೂ ಕಡಿಮೆಯಲ್ಲ.

ಇನ್ನು ಒಂದೇ ಮಾತು ಉಳಿದಿದೆ. ಅಜ್ಜಿ ಊಖೀಮಠದಲ್ಲಿ ಉಳಿದರೆ ಅವರ ಬಳಿ ಉಳಿಯುವವರಾರು? ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಅದು ಸೊಸೆಯ ಪಾಲಿಗೆಂದು ಎಲ್ಲರೂ ತಿಳಿದುಬಿಟ್ಟಿರುತ್ತಾರೆ. ಬುತ್ತಿ ಕಟ್ಟಿದವಳು, ಮಕ್ಕಳ ಮೈಗೆ ಉಣ್ಣೆ ತೊಡಿಸಿದವಳು, ಹಿಮ ಕಾಣದೆ ಹಿಂದಿರುಗುತ್ತಾಳೆ. ಖಾಲಿ ದಿನಗಳನ್ನು ಎರಡಾಗಿಸಿಕೊಂಡರೆ ಕುಟುಂಬವು ಎರಡು ತಂಡಗಳಾಗಿ ಹತ್ತಿಬರಬಹುದು. ಮಗ ತಾಯಿಯ ಬಳಿ ಕುಳಿತಿರುವಾಗ ಸೊಸೆ ಕೇದಾರನನ್ನು ಕಾಣಬಹುದು. ಶಿವರಾತ್ರಿಯಂದು ಊಖೀಮಠದಿಂದ ದಿನ ತಿಳಿದುಬಂದ ಮೇಲೆ ಕಾಗದ ಲೇಖನಿ ಹಿಡಿದು ಕೂರುವ ಮನೆಯ ಯಜಮಾನರು ಆ ಎರಡು ದಿನಗಳನ್ನು ಮೊದಲು ಬರೆದುಕೊಳ್ಳಲಿ. ಉಳಿದುದನ್ನು ಅವುಗಳ ಸುತ್ತ ಹೊಂದಿಸಲಿ. ಹೊರಡುವ ಸಕಲರಿಗೂ ಶುಭವಾಗಲಿ.