ಬಿಸಿಲಿಗೊಂದು ಯೋಜನೆ, ಯೋಜನೆಗೊಬ್ಬ ಹೊಣೆಗಾರ

ಮಳೆ ಹೆಚ್ಚಾಗಿ ಊರು ಮುಳುಗಿದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಬಿರುಗಾಳಿಗೆ ಮರ ಉರುಳಿದರೆ ಅದರ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ. ಬಿಸಿಲು ಮಾತ್ರ ಸದ್ದಿಲ್ಲದೆ ಕೊಲ್ಲುತ್ತದೆ. ಕೂಲಿಗೆ ಹೋದವನು ಸಂಜೆಯ ಹೊತ್ತಿಗೆ ತಲೆ ಸುತ್ತಿ ಬೀಳುತ್ತಾನೆ. ತಗಡಿನ ಸೂರಿನಡಿ ಒಂಟಿಯಾಗಿ ಮಲಗಿದ್ದ ವೃದ್ಧೆ ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತಾಳೆ. ಮರಣದ ಕಾರಣವನ್ನು ಬರೆಯುವಾಗ ಹೃದಯಾಘಾತವೆಂದೋ ವೃದ್ಧಾಪ್ಯವೆಂದೋ ನಮೂದಾಗುವುದೇ ಹೆಚ್ಚು. ಬಿಸಿಲಿನ ಹೆಸರು ಅಲ್ಲಿ ಬರುವುದು ಅಪರೂಪ.

ಗುಜರಾತಿನ ಅಹಮದಾಬಾದ್ ನಗರ ಈ ಸತ್ಯವನ್ನು ಬಹು ದೊಡ್ಡ ಬೆಲೆ ತೆತ್ತು ಅರಿಯಬೇಕಾಯಿತು. 2010ರ ಮೇ 21ರಂದು ಅಲ್ಲಿನ ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್ ತಲುಪಿತು. ಆ ತಿಂಗಳಿನಲ್ಲಿ ನಗರದಲ್ಲಿ ಸಂಭವಿಸಿದ ಒಟ್ಟು ಮರಣಗಳನ್ನು 2009 ಮತ್ತು 2011ರ ಮೇ ತಿಂಗಳಿನ ಲೆಕ್ಕದೊಂದಿಗೆ ಸಂಶೋಧಕರು ಹೋಲಿಸಿ ನೋಡಿದಾಗ, ಸಾಮಾನ್ಯಕ್ಕಿಂತ 1,344 ಮಂದಿ ಹೆಚ್ಚಾಗಿ ಅಸುನೀಗಿದ್ದರೆಂಬುದು ಬೆಳಕಿಗೆ ಬಂದಿತು. ಇದು ಶೇಕಡಾ 43ರಷ್ಟು ಹೆಚ್ಚಳ.

ಇಂತಹ ದುರಂತದ ನಂತರ ಪರಿಹಾರ ಘೋಷಿಸಿ ಸುಮ್ಮನಾಗುವುದು ನಾವು ಎಲ್ಲೆಡೆ ಕಾಣುವ ರೀತಿ. ಅಹಮದಾಬಾದ್ ಮಹಾನಗರ ಪಾಲಿಕೆ ಹಾಗೆ ಮಾಡಲಿಲ್ಲ. ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವುಗಳ ನೆರವು ಪಡೆದು, 2013ರಲ್ಲಿ ಅದು ಬಿಸಿಲ ತಾಪವನ್ನು ಎದುರಿಸುವ ಕ್ರಿಯಾ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದ ನಗರಗಳಲ್ಲಿ ಇಂತಹ ಯೋಜನೆ ಇದೇ ಮೊದಲನೆಯದು.

ಯೋಜನೆಗಳಿಗೆ ನಮ್ಮ ದೇಶದಲ್ಲಿ ಬರವಿಲ್ಲ, ಬರವಿರುವುದು ಆಚರಣೆಗೆ. ಆದುದರಿಂದ ಈ ಯೋಜನೆ ಕಾಗದದಿಂದ ಬೀದಿಗೆ ಇಳಿದ ಬಗೆಯನ್ನು ನಾವು ಗಮನಿಸಬೇಕು. ಮೊದಲನೆಯದಾಗಿ, ಇದರ ಹೊಣೆ ಪಾಲಿಕೆಯ ನಿರ್ದಿಷ್ಟ ಅಧಿಕಾರಿಯೊಬ್ಬರ ಮೇಲಿದೆ. ಹವಾಮಾನದ ಮುನ್ಸೂಚನೆ ಅವರ ಕೈ ಸೇರುತ್ತದೆ. ಗರಿಷ್ಠ ಉಷ್ಣತೆ 41 ಡಿಗ್ರಿ ದಾಟುವಂತಿದ್ದರೆ ಹಳದಿ, 43 ದಾಟುವಂತಿದ್ದರೆ ಕಿತ್ತಳೆ, 45 ಮುಟ್ಟುವಂತಿದ್ದರೆ ಕೆಂಪು ಬಣ್ಣದ ಎಚ್ಚರಿಕೆ ಹೊರಡುತ್ತದೆ. ಎಚ್ಚರಿಕೆ ಹೊರಟೊಡನೆ ಆಸ್ಪತ್ರೆ, ಆಂಬ್ಯುಲೆನ್ಸ್ ಸೇವೆ, ಕಾರ್ಮಿಕ ಇಲಾಖೆ, ಪತ್ರಿಕೆ ಮತ್ತು ಆಕಾಶವಾಣಿ ಇವುಗಳಲ್ಲಿ ಯಾರು ಏನು ಮಾಡಬೇಕೆಂಬುದು ಮೊದಲೇ ಬರೆದಿಟ್ಟಿರುತ್ತದೆ. ಯಾರೂ ಇನ್ನೊಬ್ಬರ ಆದೇಶಕ್ಕಾಗಿ ಕಾಯಬೇಕಿಲ್ಲ.

ಎರಡನೆಯದಾಗಿ, ಕೆಲಸ ಆರಂಭವಾಗುವುದು ಬಿಸಿಲು ಏರಿದ ಮೇಲಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವೇನು? ಬೇಸಿಗೆಗೆ ಮುನ್ನವೇ ವೈದ್ಯರಿಗೆ, ದಾದಿಯರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ನಡೆಯುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಹೆಚ್ಚುತ್ತದೆ. ದೇವಾಲಯಗಳು, ಸಾರ್ವಜನಿಕ ಕಟ್ಟಡಗಳು ದಣಿದವರಿಗೆ ನೆರಳಿನ ತಾಣಗಳಾಗುತ್ತವೆ. ಬೇಸಿಗೆ ಕಳೆದ ಮೇಲೆ ಏನು ಫಲಿಸಿತು, ಏನು ಫಲಿಸಲಿಲ್ಲ ಎಂಬುದರ ಪರಾಮರ್ಶೆ ನಡೆದು ಯೋಜನೆ ತಿದ್ದುಪಡಿಯಾಗುತ್ತದೆ.

ಮೂರನೆಯದಾಗಿ, ಇಲ್ಲಿನ ಉಪಾಯಗಳು ಸರಳವಾದುವು. ನಗರದ ಆಸ್ಪತ್ರೆಯೊಂದರಲ್ಲಿ ಬಾಣಂತಿಯರ ವಾರ್ಡು ಮೇಲಂತಸ್ತಿನಲ್ಲಿತ್ತು. ಕಾದ ತಾರಸಿಯ ಕೆಳಗೆ ಹಸುಗೂಸುಗಳು ಬಳಲುತ್ತಿದ್ದವು. ವಾರ್ಡನ್ನು ಕೆಳ ಅಂತಸ್ತಿಗೆ ವರ್ಗಾಯಿಸಿದ್ದರಿಂದ ಶಿಶುಗಳಿಗೆ ರಕ್ಷಣೆ ದೊರೆತುದನ್ನು ವೈದ್ಯರು ಅಧ್ಯಯನದಿಂದ ಕಂಡುಕೊಂಡರು. 2017ರಲ್ಲಿ ಸುಮಾರು 3,000 ಮನೆಗಳ ಮಾಡಿಗೆ ಪ್ರಾಯೋಗಿಕವಾಗಿ ಬಿಳಿಯ ಬಣ್ಣ ಬಳಿಯಲಾಯಿತು. ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ ಒಳಗಿನ ತಾಪ ಇಳಿಯುತ್ತದೆ. ಸುಣ್ಣ ಬಳಿದ ಮನೆಯ ತಂಪು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯೇನಲ್ಲ.

ಫಲವೇನಾಯಿತು? 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಯೋಜನೆ ಜಾರಿಯಾದ ನಂತರದ ವರ್ಷಗಳಲ್ಲಿ ವಾರ್ಷಿಕ ಸರಾಸರಿ 1,190 ಮರಣಗಳು ತಪ್ಪಿರಬೇಕೆಂದು ಅಂದಾಜಿಸಿತು. ಇದು ಲೆಕ್ಕಾಚಾರದ ಅಂದಾಜೇ ಹೊರತು ಒಬ್ಬೊಬ್ಬರನ್ನು ಎಣಿಸಿ ಹೇಳಿದ ಮಾತಲ್ಲ. ಆದರೂ ಆ ಸಂಖ್ಯೆಯ ಹಿಂದೆ ಎಷ್ಟು ಮನೆಗಳ ದೀಪ ಉಳಿದಿರಬಹುದೆಂದು ಯೋಚಿಸಬೇಕು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಇಂತಹ ಯೋಜನೆಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅಹಮದಾಬಾದಿನ ಮೇಲ್ಪಂಕ್ತಿಯನ್ನು ಅನೇಕ ನಗರಗಳು ಅನುಸರಿಸಿದವು.

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆಂದು ನಾವು ಭಾವಿಸಲಾಗದು. ಭೂಮಿಯ ತಾಪ ಏರುತ್ತಿರುವುದಕ್ಕೆ ಕಾರಣವಾದ ಹೊಗೆಯನ್ನು ಈ ಯೋಜನೆ ತಗ್ಗಿಸುವುದಿಲ್ಲ. ಏರಿದ ತಾಪದಿಂದ ಜನರನ್ನು ಕಾಯುವುದಷ್ಟೇ ಅದರ ಕೆಲಸ. ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. ಮಧ್ಯಾಹ್ನ ಹೊರಗೆ ಹೋಗಬೇಡಿ ಎಂಬ ಸಲಹೆ ಉಳ್ಳವರಿಗೆ ಸುಲಭ. ಅಂದಿನ ಕೂಲಿಯಿಂದ ಅಂದಿನ ಒಲೆ ಹೊತ್ತಬೇಕಾದವನಿಗೆ ಅದೇ ಸಲಹೆ ಉಪವಾಸವಿರು ಎಂದಂತೆ ಕೇಳಿಸುತ್ತದೆ. ಕೆಲಸದ ವೇಳೆ ಬದಲಾಗದೆ, ಕೂಲಿ ಕಡಿತವಾಗುವ ಭಯ ನೀಗದೆ, ಯಾವ ಬಣ್ಣದ ಎಚ್ಚರಿಕೆಯೂ ಅವನನ್ನು ಪೂರ್ಣವಾಗಿ ಕಾಯಲಾರದು.

ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ. ಕಲಬುರಗಿ, ರಾಯಚೂರು, ವಿಜಯಪುರದ ಬಿಸಿಲನ್ನು ಅರಿಯದವರಾರು? ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬಿರುಬೇಸಿಗೆಯ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಬದಲಿಸುವ ಪದ್ಧತಿಯಿದೆ. ಇದು ವಿವೇಕದ ಕ್ರಮ. ಆದರೆ ಫ್ಯಾನಿನ ಕೆಳಗೆ ಕುಳಿತವರಿಗೆ ದೊರೆತ ಈ ಅನುಕೂಲ, ನಮ್ಮ ಹೊಲದಲ್ಲಿ, ನಾವು ಕಟ್ಟಿಸುತ್ತಿರುವ ಮನೆಯಲ್ಲಿ ಕಲ್ಲು ಹೊರುವವರಿಗೂ ದೊರೆಯಬೇಡವೇ? ಅದನ್ನು ಕೊಡಲು ಸರ್ಕಾರದ ಆದೇಶವೇ ಬರಬೇಕೆಂದಿಲ್ಲ. ಕೂಲಿ ಕಡಿಯದೆ ಕೆಲಸವನ್ನು ನಸುಕಿಗೆ ಆರಂಭಿಸಿ ನಡುಹಗಲಿನಲ್ಲಿ ವಿರಾಮ ಕೊಡುವುದು ನಮ್ಮ ಕೈಯಲ್ಲೇ ಇದೆ.

ಅರವಟ್ಟಿಗೆಯನ್ನಿಟ್ಟು ದಾರಿಹೋಕರ ದಾಹ ತಣಿಸಿದ ಪರಂಪರೆ ನಮ್ಮದು. ಓಣಿಯಲ್ಲಿ ಒಂಟಿಯಾಗಿರುವ ಹಿರಿಯರನ್ನು ಬಿಸಿಲ ದಿನಗಳಲ್ಲಿ ಎರಡು ಹೊತ್ತು ವಿಚಾರಿಸಿಕೊಳ್ಳುವುದು, ಸಮುದಾಯ ಭವನದ ಬಾಗಿಲನ್ನು ಮಧ್ಯಾಹ್ನ ತೆರೆದಿಡುವುದು, ಮಾಳಿಗೆಗೆ ಸುಣ್ಣ ಬಳಿಯುವುದು ಇವೆಲ್ಲ ದೊಡ್ಡ ವೆಚ್ಚದ ಕೆಲಸಗಳಲ್ಲ. ಇವುಗಳ ಜೊತೆಗೆ ನಮ್ಮ ನಮ್ಮ ನಗರಸಭೆಗೆ ಹೋಗಿ ಒಂದು ಪ್ರಶ್ನೆಯನ್ನು ವಿನಯದಿಂದ, ಆದರೆ ಬಿಡದೆ ಕೇಳೋಣ: ಬರುವ ಬೇಸಿಗೆಗೆ ಈ ಊರಿನಲ್ಲಿ ಹೊಣೆಗಾರರು ಯಾರು? ಉತ್ತರವಾಗಿ ಒಬ್ಬ ಅಧಿಕಾರಿಯ ಹೆಸರು ದೊರೆತ ದಿನ ಯೋಜನೆ ಆರಂಭವಾಯಿತೆಂದು ತಿಳಿಯಬಹುದು.